ಭೂಮಿ ಹೊದ್ದ ಕೌದಿ: ರಾತ್ರಿಯ ಉಷ್ಣತೆಯನ್ನೂ ಬರೆದಿಡೋಣ

ಮಾಗಿಯ ನಸುಕಿನಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರಿಹೊಲಗಳಲ್ಲಿ ಅಡ್ಡಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ರಾತ್ರಿ ಮುಗಿಲು ತಿಳಿಯಾಗಿದ್ದರೆ ಕಡಲೆಗಿಡದ ಮೇಲೆ ಇಬ್ಬನಿ ದಟ್ಟವಾಗಿ ಬಿದ್ದು, ಧೋತರ ಮೊಣಕಾಲವರೆಗೆ ತೋಯುತ್ತದೆ. ಮೋಡ ಮುಸುಕಿದ ರಾತ್ರಿಯಾದರೆ ಚಳಿಯೂ ಕಡಿಮೆ, ಇಬ್ಬನಿಯೂ ಕಡಿಮೆ. ಕಡಲೆಯ ಮೇಲೆ ಬಿಳಿ ಅರಿವೆ ಹಾಸಿ ಬೆಳಗಿನಲ್ಲಿ ಹುಳಿ ಹಿಂಡಿಕೊಳ್ಳುತ್ತಿದ್ದ ನಮ್ಮ ಹಿರಿಯರು ಮುಗಿಲು ನೋಡಿಯೇ ಅರಿವೆ ಹಾಸುತ್ತಿದ್ದರು.

ಭೂಮಿ ಹೇಗೆ ಬೆಚ್ಚಗಿರುತ್ತದೆ ಎಂಬ ದೊಡ್ಡ ವಿಷಯವೆಲ್ಲ ಈ ಒಂದು ಅನುಭವದಲ್ಲಿ ಅಡಗಿದೆ. ಅದನ್ನು ಒಕ್ಕಲಿಗ ತಿಳಿದುಕೊಳ್ಳದಿದ್ದರೆ ಈಗ ನಷ್ಟವಾಗುವ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಕೆಳಗಿನಿಂದ ಕಾಯುವ ಗಾಳಿ

ಬಿಸಿಲು ಮೇಲಿನಿಂದ ಬರುತ್ತದೆ, ಆದ್ದರಿಂದ ಗಾಳಿಯೂ ಮೇಲಿನಿಂದಲೇ ಕಾಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಬಿಸಿಲಿನ ಹೆಚ್ಚಿನ ಪಾಲು ಗಾಳಿಯನ್ನು ದಾಟಿ ಬಂದು ನೆಲವನ್ನು ಕಾಯಿಸುತ್ತದೆ. ಕಾಯ್ದ ನೆಲ ಗಾಳಿಯನ್ನು ಕಾಯಿಸುತ್ತದೆ, ಒಲೆಯ ಮೇಲಿನ ಹಂಚಿನಂತೆ. ಅಂತೆಯೇ ಮೇಲೆ ಹೋದಂತೆ ತಂಪು ಹೆಚ್ಚು. ಸರಾಸರಿ ಲೆಕ್ಕಕ್ಕೆ ಒಂದು ಕಿಲೋಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಧಾರವಾಡ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿದೆ. ಎತ್ತರವೊಂದನ್ನೇ ಹಿಡಿದರೂ ಕಾರವಾರದ ದಂಡೆಗಿಂತ ಇಲ್ಲಿ ನಾಲ್ಕೈದು ಡಿಗ್ರಿ ತಂಪಿರಬೇಕು.

ಈ ಕೆಳಗಿನ ಪದರು ನಮ್ಮ ಸೀಮೆಯಲ್ಲಿ ಹದಿನಾರು ಹದಿನೇಳು ಕಿಲೋಮೀಟರ್ ದಪ್ಪ. ಮಳೆ, ಮೋಡ, ಗುಡುಗು, ಆಲಿಕಲ್ಲು ಎಲ್ಲ ಇದರೊಳಗೇ. ಅದರ ಮೇಲಿನ ಪದರಿನಲ್ಲಿ ಓಜೋನ್ ವಾಯು ಬಿಸಿಲಿನ ಕ್ರೂರ ಕಿರಣಗಳನ್ನು ಹೀರುವುದರಿಂದ, ಅಲ್ಲಿ ಮೇಲೇರಿದಂತೆ ಉಷ್ಣತೆ ಹೆಚ್ಚುತ್ತದೆ. ಅದು ಕೆಳಗಿನ ಗಾಳಿಗೆ ಮುಚ್ಚಳವಿದ್ದಂತೆ. ವೈಶಾಖದ ಅಡ್ಡಮಳೆಯ ದೊಡ್ಡ ಮೋಡ ಏರಿ ಏರಿ ಕೊನೆಗೆ ತುದಿಯಲ್ಲಿ ಚಪ್ಪಟೆಯಾಗಿ ಹರಡುವುದನ್ನು ನೋಡಿದ್ದೀರಲ್ಲ? ಅದು ಆ ಮುಚ್ಚಳಕ್ಕೆ ತಾಗಿದ ಗುರುತು.

ಕೌದಿಯ ಎಳೆಗಳು

ಹಗಲು ಕಾಯ್ದ ನೆಲ ರಾತ್ರಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮುಗಿಲಿಗೆ ಬಿಟ್ಟುಕೊಡುತ್ತದೆ. ಗಾಳಿಯ ನೂರು ಪಾಲಿನಲ್ಲಿ 78 ಸಾರಜನಕ, 21 ಆಮ್ಲಜನಕ. ಇವೆರಡೂ ಆ ಕಿರಣಗಳನ್ನು ತಡೆಯುವುದಿಲ್ಲ. ತಡೆಯುವವು ನೀರಾವಿ, ಇಂಗಾಲದ ಡೈ ಆಕ್ಸೈಡ್, ಮೀಥೇನ್ ಮೊದಲಾದವು. ಅವು ಶಾಖವನ್ನು ಹೀರಿ ಒಂದು ಪಾಲನ್ನು ಮರಳಿ ನೆಲಕ್ಕೆ ಕಳಿಸುತ್ತವೆ. ಮೋಡವೂ ಇದನ್ನೇ ಮಾಡುತ್ತದೆ. ಕೌದಿ ತಾನು ಶಾಖ ಹುಟ್ಟಿಸುವುದಿಲ್ಲ, ಹೊದ್ದವನ ಶಾಖ ಬೇಗ ಹೋಗದಂತೆ ನೋಡಿಕೊಳ್ಳುತ್ತದೆ. ಇದೂ ಹಾಗೆಯೇ.

ಈ ಕೌದಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದರಿಂದ ಸುಮಾರು 15 ಡಿಗ್ರಿ ಇದೆ. ಗಾಳಿಯೇ ಇಲ್ಲದ ಚಂದ್ರನಲ್ಲಿ ನಡುಹಗಲು ನೀರು ಕುದಿಯುವಷ್ಟು ಬಿಸಿ, ರಾತ್ರಿ ಶೂನ್ಯಕ್ಕಿಂತ ನೂರು ಡಿಗ್ರಿಗೂ ಕೆಳಗೆ. ಶುಕ್ರಗ್ರಹದ ಕೌದಿ ಅತಿ ದಪ್ಪ. ಅಲ್ಲಿಯ ನೆಲ 460 ಡಿಗ್ರಿ ಕಾಯ್ದಿದೆ, ಸೀಸ ಕರಗುತ್ತದೆ. ಹೊದಿಕೆ ಇರಬೇಕು, ಆದರೆ ಹದವಾಗಿರಬೇಕು.

ನಮ್ಮ ಹೊದಿಕೆಯ ಹದ ತಪ್ಪುತ್ತಿದೆ. ಕಾರಖಾನೆಗಳ ಕಾಲಕ್ಕಿಂತ ಮೊದಲು ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಇಂಗಾಲದ ಡೈ ಆಕ್ಸೈಡ್ 2.8 ಪಾಲಿತ್ತು. ಕಲ್ಲಿದ್ದಲು, ಎಣ್ಣೆ ಸುಟ್ಟು ಈಗ 4.2ನ್ನು ಮೀರಿದೆ. ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಜಗತ್ತಿನ ಬಹುತೇಕ ಭೂಭಾಗಗಳಲ್ಲಿ ಹಗಲಿಗಿಂತ ರಾತ್ರಿಯ ಉಷ್ಣತೆ ಬೇಗ ಏರಿದೆ ಎಂಬುದನ್ನು ಒಕ್ಕಲಿಗರು ಲಕ್ಷ್ಯದಲ್ಲಿಡಬೇಕು.

ರಾತ್ರಿ ಬೆಚ್ಚಗಾದರೆ ನಮಗೇನು?

ಬೆಳೆ ಹಗಲು ಗಳಿಸುತ್ತದೆ, ರಾತ್ರಿ ಉಸಿರಾಡಿ ಅದರಲ್ಲೊಂದು ಪಾಲು ಖರ್ಚು ಮಾಡುತ್ತದೆ. ರಾತ್ರಿ ಬೆಚ್ಚಗಾದಷ್ಟೂ ಖರ್ಚು ಹೆಚ್ಚು. ಗೋದಿ ಬೇಗ ಮಾಗುತ್ತದೆ, ಕಾಳು ತುಂಬುವ ದಿನಗಳು ಕಡಿಮೆಯಾಗಿ ಕಾಳು ಸಣ್ಣದಾಗುತ್ತದೆ. ಧಾರವಾಡದ ಆಪೂಸು ಮಾವು ಹೂ ಬಿಡಲು ತಂಪು ರಾತ್ರಿಗಳು ಬೇಕೇ ಬೇಕು. ಹಿಂಗಾರಿ ಬಿಳಿಜೋಳ ಬದುಕುವುದು ಮುಖ್ಯವಾಗಿ ಎರಿಮಣ್ಣು ಹಿಡಿದಿಟ್ಟ ತೇವದ ಮೇಲೆ. ಆದರೂ ಇಬ್ಬನಿ ಬಿದ್ದರೆ ಬೆಳಗಿನ ಹೊತ್ತು ಆ ತೇವ ಉಳಿಯುತ್ತದೆ. ಇಂಗಾಲದ ವಾಯು ಹೆಚ್ಚಿದರೆ ಗಿಡಕ್ಕೆ ಆಹಾರ ಹೆಚ್ಚಲ್ಲವೇ ಎಂದು ಕೇಳುವವರಿದ್ದಾರೆ. ಕಡಲೆ, ಹತ್ತಿ, ಗೋದಿಗೆ ಅದರಿಂದ ಸ್ವಲ್ಪ ಲಾಭವುಂಟು. ಜೋಳ, ಗೋವಿನಜೋಳಕ್ಕೆ ಅಷ್ಟಿಲ್ಲ. ಬಂದ ಲಾಭವನ್ನೂ ಸೆಕೆ ಮತ್ತು ನೀರಿನ ಕೊರತೆ ನುಂಗಿಬಿಡಬಹುದು.

ಇನ್ನೊಂದು ಮಾತು. ತಿಳಿಮುಗಿಲಿನ ರಾತ್ರಿ ನೆಲ ಬೇಗ ಆರುವುದರಿಂದ ನೆಲಕ್ಕೆ ಹತ್ತಿದ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ಆಗ ಗಾಳಿ ಮೇಲೇರುವುದಿಲ್ಲ. ನಸುಕಿನಲ್ಲಿ ಒಲೆಯ ಹೊಗೆ ಊರ ಮೇಲೆ ಹಾಸಿಗೆಯಂತೆ ನಿಂತಿರುವುದು ಇದರಿಂದಲೇ. ಅಂಥ ಹೊತ್ತಿನಲ್ಲಿ ಕಳೆನಾಶಕ ಹೊಡೆದರೆ ಸಣ್ಣ ಹನಿಗಳು ತೇಲುತ್ತ ಪಕ್ಕದ ಹೊಲಕ್ಕೆ ಹೋಗುತ್ತವೆ. ಜೋಳಕ್ಕೆ ಹೊಡೆದ 2,4-ಡಿ ನೆರೆಯವನ ಹತ್ತಿಯ ಎಲೆ ಮುದುಡಿಸಿ, ಬದುವಿನ ಮೇಲೆ ಜಗಳ ಹಚ್ಚುತ್ತದೆ. ಹೊಗೆ ಮೇಲೇರುವವರೆಗೆ ಕಾಯಿರಿ. ಗಾಳಿ ಜೋರಾಗಿದ್ದಾಗಲೂ ಹೊಡೆಯಬೇಡಿರಿ.

ಅಂಕಿ ಊರಿಗೆ ಬರಲಿ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕವನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನೂ ನಿಲ್ಲಿಸಿದೆ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹವಾಮಾನ ಸಲಹೆ ಕೊಡುತ್ತದೆ. ಆದರೆ ಯಂತ್ರದ ಅಂಕಿ ಬೆಂಗಳೂರಿಗೆ ಹೋಗುತ್ತದೆಯೇ ಹೊರತು, ಯಂತ್ರದ ನೆರಳಿನಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ಹವಾಮಾನ ಆಧರಿತ ಬೆಳೆವಿಮೆಯಲ್ಲಿ ಪರಿಹಾರ ಬರುವುದೂ ಬಿಡುವುದೂ ಈ ಅಂಕಿಗಳ ಮೇಲೆಯೇ. ನಮ್ಮ ದುಡ್ಡಿನ ಲೆಕ್ಕ ನಾವೇ ನೋಡದಿರುವುದು ಯಾವ ಜಾಣತನ?

ಆದ್ದರಿಂದ ಪ್ರತಿ ಊರಿನ ವಾಚನಾಲಯದ ಕರಿಹಲಗೆಯ ಮೇಲೆ ನಾಲ್ಕು ಸಾಲು ದಿನವೂ ಬರೆಯಬೇಕು: ನಿನ್ನೆಯ ಗರಿಷ್ಠ ಉಷ್ಣತೆ, ರಾತ್ರಿಯ ಕನಿಷ್ಠ ಉಷ್ಣತೆ, ಮಳೆ, ಮುಗಿಲು ತಿಳಿಯೋ ಮೋಡವೋ. ಹೋಬಳಿಯ ಅಂಕಿಯನ್ನು ಕೇಳಿ ಪಡೆಯಿರಿ. ಜೊತೆಗೆ ಗರಿಷ್ಠ-ಕನಿಷ್ಠ ತೋರಿಸುವ ಒಂದು ಉಷ್ಣಮಾಪಕವನ್ನು ಪಂಚಾಯಿತಿ ಕೊಳ್ಳಲಿ. ಅದನ್ನು ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ, ಗೋಡೆಗೆ ಹತ್ತಿಸದೆ, ಎದೆಯೆತ್ತರದಲ್ಲಿ ತೂಗಿಹಾಕಬೇಕು. ಬರೆಯುವ ಕೆಲಸವನ್ನು ಶಾಲೆಯ ಮಕ್ಕಳಿಗೆ ವಹಿಸಿರಿ, ಅವರು ತಪ್ಪಿಸುವುದಿಲ್ಲ.

ಊರಿನ ವಹಿ ವಿಮೆಗೆ ದಾಖಲೆಯಾಗದಿರಬಹುದು. ಆದರೆ ಹೋಬಳಿಯ ಯಂತ್ರ ಕೆಟ್ಟು ತಪ್ಪು ಅಂಕಿ ಕೊಟ್ಟರೆ ಪ್ರಶ್ನೆ ಕೇಳಲು ಅದೊಂದು ಆಧಾರವಾಗುತ್ತದೆ. ಹತ್ತು ವರ್ಷ ಬರೆದಿಟ್ಟರೆ, ನಮ್ಮ ಊರಿನ ಮಾಗಿ ನಿಜವಾಗಿ ಬೆಚ್ಚಗಾಗುತ್ತಿದೆಯೋ ಇಲ್ಲವೋ, ಗೋದಿ ಬಿತ್ತುವ ದಿನವನ್ನು ಬದಲಿಸಬೇಕೋ ಬೇಡವೋ ಎಂಬುದಕ್ಕೆ ಕಟ್ಟೆಯ ಮಾತಿನ ಬದಲು ಲೆಕ್ಕ ಸಿಗುತ್ತದೆ. ಮಳೆಯ ನಕ್ಷತ್ರಗಳನ್ನು ತಲೆಮಾರುಗಳಿಂದ ನೆನಪಿಟ್ಟ ಒಕ್ಕಲಿಗನಿಗೆ ದಿನಕ್ಕೆ ನಾಲ್ಕು ಸಾಲು ಬರೆದಿಡುವುದು ಭಾರವಲ್ಲ. ಬರುವ ಹಿಂಗಾರಿಯಿಂದಲೇ ತೊಡಗೋಣ.