ಕೆಳಗಿನಿಂದ ಕಾಣುವ ಸೇತುವೆ

"ಸೇತುವೆ ಏನ್ ಮದುವೆ ಹೆಣ್ಣಾ, ಅಂದ ಚೆಂದ ನೋಡಕ್ಕೆ? ದಾಟುದ್ರೆ ಸಾಕು ಕಣಣ್ಣ." ನಂಜನಗೂಡಿನ ಒಂದು ಕಾಫಿ ಅಂಗಡಿಯಲ್ಲಿ ಈಚೆಗೆ ಕಿವಿಗೆ ಬಿದ್ದ ಮಾತಿದು. ಮೈಸೂರಿನ ರಸ್ತೆಗಳಲ್ಲಿ ಮೇಲ್ಸೇತುವೆ ಎಬ್ಬಿಸಿದರೆ ಊರಿನ ಚಹರೆಯೇ ಕೆಡುತ್ತದೆ ಎಂದು ಪಕ್ಕದ ಬೆಂಚಿನ ಹಿರಿಯರು ಪತ್ರಿಕೆ ಮಡಿಸುತ್ತಾ ಹೇಳಿದ್ದಕ್ಕೆ ಬಂದ ಉತ್ತರ. ಅಂಗಡಿಯಲ್ಲಿದ್ದವರು ತಲೆಯಾಡಿಸಿದರು, ಹಿರಿಯರು ಸುಮ್ಮನಾದರು. ಅವರ ಪರವಾಗಿ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಆಡುತ್ತಿದ್ದೇನೆ.

ದಾಟುವವರಿಗೆ ಸೇತುವೆ ಎರಡು ನಿಮಿಷದ ಸಂಗತಿ. ಅದರ ಬುಡದಲ್ಲಿ ಬಟ್ಟೆ ಒಗೆಯುವವರಿಗೆ, ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತವರಿಗೆ, ದಡದಲ್ಲಿ ತೋಟ ಇರುವವರಿಗೆ ಅದು ಜೀವಮಾನವಿಡೀ ಕಣ್ಣೆದುರು ನಿಲ್ಲುವ ವಸ್ತು. ಮನೆ ಚೆನ್ನಾಗಿಲ್ಲದಿದ್ದರೆ ಕೆಡವಿ ಕಟ್ಟಬಹುದು, ಸೇತುವೆಯನ್ನು ಯಾರೂ ಕೆಡವಿ ಕಟ್ಟುವುದಿಲ್ಲ. ಹಾಗಾಗಿ ಅದು ಹೇಗೆ ಕಾಣಬೇಕು ಎಂದು ಕೇಳುವ ಹಕ್ಕು ಊರಿಗಿದೆ, ಮತ್ತು ಆ ಮಾತು ಕಂಬ ಏಳುವ ಮೊದಲೇ ನಡೆಯಬೇಕು. ಇಷ್ಟೇ ನನ್ನ ವಾದ.

ಆ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಬಿನಿ ಎಂದೂ ಕರೆಯುವ ಕಪಿಲೆಯ ಮೇಲೆ, ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಸೇತುವೆ ಇದೆ. ಉದ್ದ ಸುಮಾರು 225 ಮೀಟರ್. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಾಗ ಹಳಿಯನ್ನೂ ಇದರ ಮೇಲೆಯೇ ಹಾಯಿಸಿದರು. ಒಂದು ಮಗ್ಗುಲಲ್ಲಿ ರೈಲು, ಇನ್ನೊಂದು ಮಗ್ಗುಲಲ್ಲಿ ಗಾಡಿ, ಬಸ್ಸು, ದನ, ಜನ. ಎತ್ತಿನಗಾಡಿಯ ಕಾಲದಲ್ಲಿ ಕಟ್ಟಿದ್ದು ಉಗಿಬಂಡಿಯನ್ನೂ ಹೊತ್ತಿತು. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರಿಗೆ ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಲ್ಲ ಹೊಳೆ ಹರಿದಾಗಲೂ ಇದು ನಿಂತೇ ಇತ್ತು.

ಬೇಸಿಗೆಯಲ್ಲಿ ನೀರು ಇಳಿದಾಗ ದಡಕ್ಕಿಳಿದು ಇದನ್ನು ಕೆಳಗಿನಿಂದ ನೋಡಬೇಕು. ತುದಿ ಚೂಪಾದ ಸಣ್ಣ ಸಣ್ಣ ಕಮಾನುಗಳು ಸಾಲಾಗಿ ನಿಂತಿರುತ್ತವೆ. ಗಾರೆ ಉದುರಿದ ಸಂದಿಯಲ್ಲಿ ಅರಳಿಸಸಿ. ಸಂಜೆಯ ಹೊತ್ತು ನೀರಿನಲ್ಲಿ ಕಮಾನಿನ ನೆರಳು ಬಿದ್ದು ಮೇಲಿನ ಅರ್ಧ, ಕೆಳಗಿನ ಅರ್ಧ ಕೂಡಿಕೊಳ್ಳುತ್ತವೆ. ಆ ರೂಪವನ್ನು ಯಾರೂ ಅಲಂಕಾರಕ್ಕೆಂದು ಇಟ್ಟದ್ದಲ್ಲ. ಕಲ್ಲು, ಇಟ್ಟಿಗೆ, ಗಾರೆ ಇವು ಒತ್ತಿದರೆ ತಡೆಯುತ್ತವೆ, ಬಗ್ಗಿಸಿದರೆ ಬಿರಿಯುತ್ತವೆ. ಅದಕ್ಕೇ ಕಮಾನು: ಭಾರವೆಲ್ಲ ಒತ್ತಡವಾಗಿ ಕಂಬಕ್ಕೆ ಇಳಿಯುತ್ತದೆ. ಇನ್ನೊಂದು ದಾರಿಯನ್ನು ಶ್ರೀರಂಗಪಟ್ಟಣದಲ್ಲಿ ಕಾಣಬಹುದು. ದಿವಾನ್ ಪೂರ್ಣಯ್ಯ 1804ರಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಮಾನೇ ಇಲ್ಲ. ಕಲ್ಲುಕಂಬ, ಅದರ ಮೇಲೆ ಕಲ್ಲಿನ ತೊಲೆ, ಹಾಸುಗಲ್ಲು. ಕಲ್ಲಿನ ತೊಲೆ ಉದ್ದವಾದರೆ ಮುರಿಯುತ್ತದೆ ಎಂದು ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು. ನೋಡಿದವರಿಗೆ ದೇವಸ್ಥಾನದ ಮುಖಮಂಟಪ ಹೊಳೆಗೆ ಇಳಿದಂತೆ ಕಾಣುತ್ತದೆ. ಎರಡು ಸೇತುವೆಗಳ ನಡುವೆ 69 ವರ್ಷ, ಎರಡು ಬಗೆಯ ಉತ್ತರ. ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆ ಎಂಬುದು ಎರಡರಲ್ಲೂ ಓದುಬರಹ ಬಾರದವರಿಗೂ ತಿಳಿಯುತ್ತದೆ.

ಇಲ್ಲಿಯೇ ನನ್ನ ಮಾತಿನ ಗಂಟು ಇರುವುದು. ಅವತ್ತು ಸೇತುವೆಯ ರೂಪವನ್ನು ಬಹುಪಾಲು ಕಲ್ಲೇ ತೀರ್ಮಾನಿಸುತ್ತಿತ್ತು. ಇವತ್ತು ಕಾಂಕ್ರೀಟಿನೊಳಗೆ ಉಕ್ಕಿನ ತಂತಿ ಎಳೆದು ಬಿಗಿದು, ಕಂಬದಿಂದ ಕಂಬಕ್ಕೆ ಮೂವತ್ತು ನಲವತ್ತು ಮೀಟರ್ ಸಲೀಸಾಗಿ ಹಾರಿಸುತ್ತಾರೆ. ಅದಕ್ಕೂ ಹೆಚ್ಚು ಬೇಕಾದರೆ ತೂಗುಕೇಬಲ್ ಇದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಅಂಥ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಗಿದೆ. ವಸ್ತು ಹೇಗೆ ಬೇಕಾದರೂ ಬಗ್ಗುತ್ತದೆ ಎಂದಾದಮೇಲೆ ರೂಪವನ್ನು ಯಾರೋ ಒಬ್ಬರು ಆರಿಸಲೇಬೇಕು. ಊರಿನವರು ಕೇಳದಿದ್ದರೆ ಹಿಂದಿನ ಕಾಮಗಾರಿಯ ನಕ್ಷೆಯೇ ಹೆಸರು ಬದಲಾಗಿ ಬರುತ್ತದೆ. ಅಂದ ಬೇಡ ಎಂದವರಿಗೂ ಒಂದು ರೂಪ ಸಿಕ್ಕೇ ಸಿಗುತ್ತದೆ, ಯಾರೂ ಯೋಚಿಸದ ರೂಪ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವ ವಾದ ಬೇರೆ ಇದೆ, ಅದು ಹಂಪಿಯ ಕಡೆಯಿಂದ ಬರುತ್ತದೆ. ಆನೆಗೊಂದಿಯವರು ತಲೆಮಾರುಗಳಿಂದ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಸುತ್ತುಬಳಸಿ ಹೋಗಬೇಕು. ಕೊನೆಗೂ ತಳವಾರಘಟ್ಟದ ಹತ್ತಿರ ಸೇತುವೆ ಏಳತೊಡಗಿತು. ಆದರೆ ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಬಂಡೆಗಳ, ಮಂಟಪಗಳ, ಹೊಳೆಯ ನೋಟಕ್ಕೆ ಅಡ್ಡವಾಗಿ ಎರಡು ಸೇತುವೆಗಳು ಬರುತ್ತಿವೆ ಎಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. ಆನೆಗೊಂದಿಯ ಸೇತುವೆ ಅರ್ಧದಲ್ಲೇ ವರ್ಷಗಟ್ಟಲೆ ನಿಂತಿತು, ಮತ್ತೆ ಕೆಲಸ ಶುರುವಾಯಿತು, 2009ರ ಜನವರಿಯಲ್ಲಿ ಕುಸಿದುಬಿತ್ತು. ಕೂಲಿಗೆ ಬಂದ ಕಾರ್ಮಿಕರು ಜೀವ ತೆತ್ತರು. ನೋಟ ಕೆಡುತ್ತದೆ ಎಂದವರು ದೂರದವರು, ಹರಿಗೋಲಿನಲ್ಲಿ ಜೀವ ಕೈಯಲ್ಲಿ ಹಿಡಿದವರು ಹತ್ತಿರದವರು, ಹೀಗಿರುವಾಗ ಅಂದದ ಮಾತು ಉಳ್ಳವರ ಮಾತಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ತಲೆತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.

ಆದರೂ ಅಲ್ಲಿ ತಪ್ಪಿದ್ದು ಅಂದದ ಮಾತು ಎದ್ದದ್ದರಿಂದಲ್ಲ, ತಡವಾಗಿ ಎದ್ದದ್ದರಿಂದ. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯೊಳಗೆ ಇವತ್ತಿಗೂ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ನಿಂತಿವೆ. ಅಂದರೆ ಹಂಪಿಯ ನೋಟದೊಳಗೆ ಸೇತುವೆಗೆ ಜಾಗವೇ ಇರಲಿಲ್ಲ ಎನ್ನಲಾಗದು. ಎಲ್ಲಿ, ಎಷ್ಟು ಎತ್ತರ, ಲಾರಿಗೋ ಜನಕ್ಕೋ ಎಂಬುದನ್ನು ಮೊದಲೇ ಎರಡೂ ದಡದವರನ್ನು ಕೂರಿಸಿಕೊಂಡು ಕೇಳಬೇಕಿತ್ತು. ಆಮೇಲೆ ಕಡೇಬಾಗಿಲು ಬುಕ್ಕಸಾಗರದ ನಡುವೆ ಸೇತುವೆ ಆಯಿತು, ಜನ ದಾಟುತ್ತಿದ್ದಾರೆ. ಆ ಜಾಗ ಮೊದಲ ದಿನವೇ ಹೊಳೆದಿದ್ದರೆ ಎಷ್ಟು ವರ್ಷ, ಎಷ್ಟು ಜೀವ ಉಳಿಯುತ್ತಿತ್ತು!

ಜರ್ಮನಿಯ ಡ್ರೆಸ್ಡೆನ್ ನಗರದಲ್ಲೂ ಸೇತುವೆಗೂ ನೋಟಕ್ಕೂ ಹೀಗೇ ಜಗಳ ಬಂತು. ಎಲ್ಬೆ ನದಿಯ ಕಣಿವೆಗೆ ಸೇತುವೆ ಬೇಕೋ ಬೇಡವೋ ಎಂದು 2005ರಲ್ಲಿ ಜನಮತ ಕೇಳಿದರು, ಬಹುಮತ ಬೇಕೆಂದಿತು. ಯುನೆಸ್ಕೊ 2009ರಲ್ಲಿ ಆ ಕಣಿವೆಯನ್ನು ಪರಂಪರೆಯ ಪಟ್ಟಿಯಿಂದಲೇ ಕಿತ್ತುಹಾಕಿತು, 2013ರಲ್ಲಿ ಸೇತುವೆ ತೆರೆಯಿತು. ಆ ಜನರ ಆಯ್ಕೆಯನ್ನು ನಾನು ಒಪ್ಪದಿರಬಹುದು, ಆದರೆ ಅವರನ್ನು ಕೇಳಿದ್ದರು. ನಮ್ಮಲ್ಲಿ ಬೆಂಗಳೂರಿನವರು 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಬೀದಿಯಲ್ಲಿ ಕೈಕೈ ಹಿಡಿದು ನಿಂತ ಮೇಲಷ್ಟೇ ಅವರ ದನಿ ಕೇಳಿಸಿತು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು.

ದುಡ್ಡೆಲ್ಲಿದೆ ಎನ್ನುವವರ ಮಾತಿಗೂ ತೂಕ ಇದೆ. ಸೇತುವೆಯ ಸೊಗಸಿಗೆ ಸುರಿದ ಹಣದಲ್ಲಿ ಶಾಲೆಗೆ ಸೂರು ಹೊದಿಸಬಹುದಲ್ಲ? ನಾನು ಕೇಳುತ್ತಿರುವುದು ಹಾಗೆ ಸುರಿಯುವ ಹಣವನ್ನಲ್ಲ. ಮೇಲಿನಿಂದ ಮಳೆನೀರು ಬೀಳುವ ಕೊಳವೆಯನ್ನು ಒಂದು ಮೊಳ ಮುಂದೆ ಚಾಚಿದ್ದರೆ ಕಂಬದ ಮೈಮೇಲೆ ಕಪ್ಪು ಪಟ್ಟೆ ಇಳಿಯುವುದಿಲ್ಲ. ಕುಡಿಯುವ ನೀರಿನ ಪೈಪಿಗೆ, ಕೇಬಲ್ಲಿಗೆ ನಕ್ಷೆಯಲ್ಲೇ ಜಾಗ ಬಿಟ್ಟರೆ ಆಮೇಲೆ ಪಕ್ಕೆಗೆ ಕರುಳಿನಂತೆ ಜೋತುಬೀಳುವುದಿಲ್ಲ. ನಡೆದು ಹೋಗುವವರಿಗೆ ಒಂದು ಕಡೆ ಜಾಗ, ಹೊಳೆಗೆ ಇಳಿಯಲು ಮೆಟ್ಟಿಲು. ಬಣ್ಣಬಣ್ಣದ ಲೈಟು ಬಿಟ್ಟರೆ ಸೇತುವೆ ಚೆಂದವಾಗುತ್ತದೆ ಎನ್ನುವವರಿಗೆ ಹಗಲಲ್ಲಿ ಬಂದು ನೋಡಿ ಎಂದಷ್ಟೇ ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚಾಗಿ ಆ ತಡೆಗೋಡೆ. ನಮ್ಮಜ್ಜಿ ರೈಲಿನಲ್ಲಿ ನಂಜನಗೂಡಿಗೆ ಬರುವಾಗ ಸೇತುವೆಯ ಸದ್ದು ಬದಲಾದ ಕೂಡಲೇ ಸೆರಗಿನ ಗಂಟು ಬಿಚ್ಚಿ ಕಾಸು ತೆಗೆಯುತ್ತಿದ್ದಳು. ಕಿಟಕಿಯಿಂದ ಕೈ ಹೊರಗೆ ಚಾಚಿ ಹೊಳೆಗೆ ಎಸೆದು, ಅದೇ ಕೈಯಿಂದ ನಮ್ಮ ಕೆನ್ನೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಪಿಲೆ ಬಂದಳು ಎಂದು ನಮಗೆ ತಿಳಿಯುತ್ತಿದ್ದದ್ದು ಹಾಗೆ. ಈಗಿನ ಹಲವು ಸೇತುವೆಗಳ ಅಂಚಿಗೆ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರದ ಗಟ್ಟಿ ಕಾಂಕ್ರೀಟ್ ಗೋಡೆ. ಲಾರಿ ಹೊಳೆಗೆ ಬೀಳಬಾರದು, ಸರಿಯೇ. ಆದರೆ ಆಟೋದಲ್ಲಿ ತಾಯಿಯ ಮಡಿಲಲ್ಲಿ ಕೂತ ಮಗುವಿಗೆ ಕಾಣುವುದು ಸಿಮೆಂಟು ಮಾತ್ರ. ಬಲವಾದ ಉಕ್ಕಿನ ಕಂಬಿಗಳನ್ನು ಅಡ್ಡ ಹಾಕಿಯೂ ಲಾರಿಯನ್ನು ತಡೆಯಬಹುದು, ನಡುವೆ ನೀರೂ ಕಾಣುತ್ತದೆ. ಹೊಳೆ ದಾಟಿದ್ದೇ ತಿಳಿಯದೆ ಬೆಳೆದ ಮಕ್ಕಳು ನಾಳೆ ಆ ಹೊಳೆಗೆ ಕೊಳಚೆ ಬಿಟ್ಟರೆ ಯಾಕೆ ಕೇಳುತ್ತಾರೆ?

ಕಟ್ಟುವ ಮೊದಲು ತೋರಿಸುವ ಚಿತ್ರಗಳನ್ನು ಗಮನಿಸಿದ್ದೀರಾ? ಎಲ್ಲ ಆಕಾಶದಿಂದ ಬರೆದವು. ಹದ್ದು ನೋಡಿದ ಹಾಗೆ ಸೇತುವೆ ನೀಲಿ ನೀರಿನ ಮೇಲೆ ತೆಳ್ಳಗೆ ಹಾದುಹೋಗಿರುತ್ತದೆ. ಆದರೆ ತಿರುಮಕೂಡಲಿನಲ್ಲಿ ನಿಂತವರು ಯಾರೂ ಆಕಾಶದಿಂದ ನೋಡುವುದಿಲ್ಲ. ಕಪಿಲೆ ಬಂದು ಕಾವೇರಿಯನ್ನು ಕೂಡುವ ಆ ಜಾಗದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ, ಕಳೆದದ್ದು 2025ರ ಫೆಬ್ರುವರಿಯಲ್ಲಿ. ಅಷ್ಟು ಜನ ನೋಡುವುದು ಗುಂಜಾನರಸಿಂಹಸ್ವಾಮಿಯ ದಡದಿಂದ, ಅಗಸ್ತ್ಯೇಶ್ವರನ ದಡದಿಂದ, ಮೊಣಕಾಲುದ್ದ ನೀರಿನಲ್ಲಿ ನಿಂತು, ಕತ್ತೆತ್ತಿ. ನಮ್ಮ ಹೊಳೆಗಳಿಗೆ ಮುಂದೆ ಯಾವ ಸೇತುವೆ ಬಂದರೂ ಅದರ ಚಿತ್ರವನ್ನು ಸ್ನಾನಘಟ್ಟದ ಮೆಟ್ಟಿಲಿನಿಂದ ಕಾಣುವ ಹಾಗೆ ಬರೆಸಿ, ಒಂದು ಗೋಡೆಯಷ್ಟು ದೊಡ್ಡದು ಮಾಡಿ, ಕನ್ನಡದಲ್ಲಿ ಅಳತೆ ಬರೆದು, ಅದೇ ಘಟ್ಟದಲ್ಲಿ ಮೂರು ತಿಂಗಳು ನಿಲ್ಲಿಸಲಿ. ಬಟ್ಟೆ ಒಗೆಯಲು ಬಂದವರು ನೋಡಲಿ, ಹರಿಗೋಲಿನವರು ನೋಡಲಿ, ಬೂದಿ ಬಿಡಲು ಬಂದವರು ನೋಡಲಿ. ಕಾಫಿ ಅಂಗಡಿಯ ಆ ತಮ್ಮನೂ ಬಂದು ನೋಡಿ, ಈ ಕಂಬ ಇಲ್ಲಿ ಬೇಡ, ಇದು ಮಂಟಪಕ್ಕೆ ಅಡ್ಡ ಬರುತ್ತೆ ಅನ್ನಲಿ.