ಗೋರಿ ದೊಡ್ಡದೋ, ಶಾಲೆ ದೊಡ್ಡದೋ?

ನಮ್ಮ ಪಾಲಬಾವಿ ಕಡೆಯ ಮಕ್ಕಳಿಗೆ ಶಾಲೆಯ ಪ್ರವಾಸವೆಂದರೆ ವಿಜಯಪುರವೇ. ಗೋಲಗುಮ್ಮಟ ಏರಿ ತಂತಮ್ಮ ಹೆಸರು ಕೂಗುತ್ತಾರೆ, ಗುಮ್ಮಟ ಮರುನುಡಿಯುತ್ತದೆ. ಕೂಗಲಿ, ಖುಷಿಪಡಲಿ. ನನ್ನ ತಕರಾರು ಬೇರೆ. ಸುಮಾರು 44 ಮೀಟರ್ ಅಗಲದ ಗುಮ್ಮಟದ ಕೆಳಗೆ ಮಲಗಿದ ಮಹಮ್ಮದ್ ಆದಿಲ್‌ಶಾಹನನ್ನು ನೋಡಲು ಬಸ್ಸು ಹೋಗುತ್ತದೆ. ಬೀದರಿನಲ್ಲಿ ದೊಡ್ಡ ಶಾಲೆ ಕಟ್ಟಿಸಿದ ಮಹಮೂದ್ ಗವಾನ ಮಾತ್ರ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲೇ ಉಳಿದಿದ್ದಾನೆ.

ಪರ್ಷಿಯದ ಗಿಲಾನಿನಿಂದ ವ್ಯಾಪಾರಕ್ಕೆ ಬಂದವನು ಬಹಮನಿ ಸುಲ್ತಾನರ ಪ್ರಧಾನಿಯಾದ. 1472ರಲ್ಲಿ ಅವನ ಮದರಸಾ ಎದ್ದು ನಿಂತಿತು. ಮದರಸಾ ಎಂದರೆ ಪಾಠ ಹೇಳುವ ಜಾಗ, ಅಷ್ಟೇ, ಬೆಚ್ಚಿಬೀಳಬೇಕಾದ ಶಬ್ದವಲ್ಲ. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ಸುತ್ತ ಪಾಠದ ಹಜಾರ, ಮಸೀದಿ, ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ ವಸತಿ, ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳುವ ಗ್ರಂಥಾಲಯ. ಗೋಡೆಗೆ ನೀಲಿ, ಬಿಳಿ, ಹಸಿರು ಹೆಂಚಿನ ಕುಸುರಿ. ಮಕ್ಕಳನ್ನು ಓದಿಸುವ ತಾಯಿಯ ಕಣ್ಣಿನಿಂದ ನೋಡಿರಿ: ಓದುವವನಿಗೆ ಮೊದಲು ಇರಲು ಕೋಣೆ ಬೇಕೆಂದು ಅವನಿಗೆ ತಿಳಿದಿತ್ತು.

ಇನ್ನು ಅವನ ಸ್ವಂತ ಗೋರಿ? ಬೀದರಿನ ಹೊರಗೆ ಒಂದು ಕಟ್ಟೆ, ಮೇಲೆ ಬಯಲು ಆಕಾಶ. ಚಾಪೆಯ ಮೇಲೆ ಮಲಗಿ, ಮಣ್ಣಿನ ಮಡಿಕೆಯಲ್ಲಿ ಬೇಯಿಸಿ ಉಣ್ಣುತ್ತಿದ್ದನೆಂದು ಫಿರಿಶ್ತಾ ಬರೆದಿದ್ದಾನೆ. ಶತ್ರುಗಳು ಹುಟ್ಟಿಸಿದ ಸುಳ್ಳು ಪತ್ರ ನಂಬಿ ಮೂರನೆಯ ಮಹಮ್ಮದ್ ಶಾಹ 1481ರಲ್ಲಿ ಈ ಮುದುಕನ ತಲೆ ತೆಗೆಸಿದ. ಮರುವರ್ಷ ತಾನೂ ಸತ್ತ. ಮುಂದೆ ರಾಜ್ಯವೇ ಐದು ಹೋಳಾಯಿತು.

'ನಮ್ಮ ಬೆಳಗಾವಿ ಕೋಟೆಯನ್ನು ಮುರಿದವನೇ ಅಲ್ಲವೇ?' ಎಂದು ಕೇಳುವವರಿದ್ದಾರೆ. ಹೌದು, ಅದೇ ಕಾಲದಲ್ಲಿ ಸುರಂಗ ತೋಡಿ, ಮದ್ದು ತುಂಬಿ ಗೋಡೆ ಕೆಡವಿದ. ಮುಚ್ಚಿಡಬೇಕಾಗಿಲ್ಲ. ಅದೇ ದಂಡಿನಲ್ಲಿ, ಬೆಳಗಾವಿಯ ಬೀಡಿನಲ್ಲೇ ಸುಲ್ತಾನನ ತಾಯಿ ಮಖ್ದೂಮಾ ಜಹಾನ್ ತೀರಿಕೊಂಡಳು. ಶವ ಬೀದರಿಗೆ ಹೋಯಿತು. 1461ರಲ್ಲಿ ಗಂಡ ಹುಮಾಯೂನ್ ಸತ್ತ ಮೇಲೆ ಎಳೆಯ ಮಕ್ಕಳ ಹೆಸರಿನಲ್ಲಿ ರಾಜ್ಯ ನಡೆಸಿದವಳು ಅವಳು. ಗವಾನನನ್ನು ಜತೆಗಿಟ್ಟುಕೊಂಡು ಆಳಿದವಳು. ನಮ್ಮ ಜಿಲ್ಲೆಯ ನೆಲದಲ್ಲಿ ಕಣ್ಣುಮುಚ್ಚಿದ ಈ ಹೆಂಗಸಿನ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

'ಅಲ್ಲಿ ಓದಿದವರು ಗಂಡಸರು, ನಮಗೇನು?' ಎನ್ನುವ ಅಕ್ಕಂದಿರಿಗೂ ಒಂದು ಮಾತು. ನಮಗೆ ಸಿಗದೆ ಹೋದದ್ದು ಏನೆಂದು ತಿಳಿಯದೆ ಮಗಳಿಗಾಗಿ ಏನನ್ನು ಕೇಳೋಣ? ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮನೆಯಲ್ಲಿ ಕೂರುವುದು ಬುದ್ಧಿ ಸಾಲದೆ ಅಲ್ಲ. ಕಾಲೇಜಿನೂರಿನಲ್ಲಿ ಇರಲು ಕೋಣೆಯಿಲ್ಲ, ಸಂಜೆಯ ಬಸ್ಸಿಲ್ಲ, ಅದಕ್ಕೆ. ಅದೇ ಊರಲ್ಲಿ ಸ್ವಾಗತ ಕಮಾನಿಗೆ, ಸತ್ತ ಹಿರಿಯರ ಪುತ್ಥಳಿಗೆ ಪಟ್ಟಿ ಎತ್ತಿದರೆ ಹಣ ಹರಿದುಬರುತ್ತದೆ. ಶಾಲೆಗೆ ಗ್ರಂಥಾಲಯ ಎಂದರೆ ಸರಕಾರ ಕೊಡಲಿ ಎನ್ನುತ್ತಾರೆ. ಪಟ್ಟಿಗೆ ನಾವೂ ಸೆರಗಿನ ಗಂಟು ಬಿಚ್ಚುತ್ತೇವೆ, ಒಂದು ಪ್ರಶ್ನೆ ಕೇಳದೆ.

ಶಾಲೆಯನ್ನು ಬೇರೆ ಕೆಲಸಕ್ಕೆ ಹಚ್ಚಿದರೆ ಏನಾಗುತ್ತದೆಂದೂ ಬೀದರ ಹೇಳುತ್ತದೆ. ಮೊಗಲರ ಕಾಲದಲ್ಲಿ ಆ ಕಟ್ಟಡದಲ್ಲಿ ಮದ್ದು ತುಂಬಿಟ್ಟರು. 1690ರ ದಶಕದಲ್ಲಿ ಸಿಡಿಲು ಬಡಿದು ಮದ್ದು ಸಿಡಿಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ. ಕೋಟೆ ಒಡೆದ ಮದ್ದು ಕೊನೆಗೆ ಶಾಲೆಯನ್ನೂ ಒಡೆಯಿತು.

ಮುಂದಿನ ಪ್ರವಾಸಕ್ಕೆ ಮಾಸ್ತರರು ದುಡ್ಡು ಕೇಳಿದಾಗ 'ಬೀದರಿಗೂ ಕರಕೊಂಡು ಹೋಗ್ರಿ' ಎನ್ನಿರಿ. ಊರ ಹಿರಿಯರು ಕಮಾನಿಗೆ ಪಟ್ಟಿ ತಂದಾಗ 'ಹುಡುಗಿಯರ ವಸತಿಗೃಹಕ್ಕೆ ಎಷ್ಟು?' ಎಂದು ಮೊದಲು ಕೇಳಿರಿ. ಉತ್ತರ ಬರುವವರೆಗೆ ಸೆರಗಿನ ಗಂಟು ಬಿಚ್ಚಬೇಡಿರಿ.