ಯೆಜ್ಡಿಯ ಹಿಂದಿನ ಸೀಟು ಕಿತ್ತ ಮೇಲೆ ಅವ್ವ ಎಲ್ಲಿ ಕೂರಬೇಕು?

ಎರಡು ತಿಂಗಳ ಹಿಂದಿನ ಮಾತು. ಶಿರಾಳಕೊಪ್ಪದಲ್ಲಿ ಸೊರಬದ ರಸ್ತೆ ಬದಿಯ ಹೋಟೆಲೊಂದರ ಮುಂದೆ ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಂತಿದ್ದೆ. ದೂರದಲ್ಲಿ ಸದ್ದು ಕೇಳಿತು. ಕೇಳಿತು ಅನ್ನೋದಕ್ಕಿಂತ ಎದೆಗೇ ಬಡಿಯಿತು ಅನ್ನಿ. ಮಿರ್ಚಿ ಕರಿಯುತ್ತಿದ್ದವನು ಜಾಲರಿ ಬಿಟ್ಟು ಹೊರಗೆ ಬಂದ. ಬಂದು ನಿಂತದ್ದು ಒಂದು ಮೋಟಾರ್ ಸೈಕಲ್ಲು. ಹ್ಯಾಂಡಲ್ಲು ಮೊಣಕಾಲಿಗೆ ತಾಗುವಷ್ಟು ತಗ್ಗಿನಲ್ಲಿದೆ, ಸೀಟು ಒಬ್ಬನಿಗೇ ಆಗುವಂಥದು, ಅದರ ಹಿಂದೆ ಗೂನು. ಮಡ್‌ಗಾರ್ಡು ಗೇಣುದ್ದ. ಸವಾರ ಗದ್ದೆ ನಾಟಿ ಮಾಡುವವನ ಹಾಗೆ ಬಗ್ಗಿ ಕೂತಿದ್ದಾನೆ.

'ಇದ್ಯಾವ ಕಂಪನಿ ಗಾಡಿ ತಮ್ಮಾ?' ಅಂದೆ.

'ಕಂಪನಿದಲ್ಲ ಅಣ್ಣಾ, ನಂದೇ. ಅಪ್ಪಾಜಿಯ ರೋಡ್‌ಕಿಂಗು. ಕೆಫೆ ರೇಸರ್ ಮಾಡೀನಿ' ಅಂದ.

ಹುಡುಗ ಸೊರಬ ತಾಲ್ಲೂಕಿನವನು. ಐಟಿಐ ಮುಗಿಸಿ ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಯೂಟ್ಯೂಬ್ ನೋಡಿಕೊಂಡು, ರಾತ್ರಿ ನಿದ್ದೆಗೆಟ್ಟು, ಏಳು ತಿಂಗಳಲ್ಲಿ ಗಾಡಿ ಕಟ್ಟಿದ್ದಾನೆ. ನನಗೆ ಖುಷಿಯಾಯಿತು. ನಮ್ಮ ತಾಲ್ಲೂಕುಗಳ ಸುದ್ದಿ ಅಂದರೆ ಯಾವಾಗಲೂ ಕೆರೆ ಒತ್ತುವರಿ, ಜೋಳದ ರೇಟು, ಶುಂಠಿಗೆ ರೋಗ. ಇದಾದರೂ ಬೇರೆ ಇದೆಯಲ್ಲ ಅಂತ ಮೂರು ಕಾಲಂ ಬರೆದೆ, ಫೋಟೋ ಹಾಕಿಸಿದೆ. 'ಗುಜರಿಗೆ ಹೋಗಬೇಕಿದ್ದ ಗಾಡಿಗೆ ಮರುಜನ್ಮ' ಅಂತ ತಲೆಬರಹ ಕೊಟ್ಟವನೂ ನಾನೇ.

ಹತ್ತು ದಿನ ಕಳೆಯೋದರೊಳಗೆ ದಾರಿಯಲ್ಲಿ ಗಾಡಿ ತಡೆದರು. ಸೈಲೆನ್ಸರಿಗೊಂದು, ಗಾಡಿ ಮಾರ್ಪಾಡಿಗೊಂದು ಅಂತ ಕೇಸು ಬಿತ್ತು. ತಡೆದವರ ಕೈಯಲ್ಲಿ ನಮ್ಮ ಪೇಪರ್ ಇತ್ತಂತೆ! ವಿಷಯ ತಿಳಿದು ಹುಡುಗನ ಮನೆಗೆ ಹೋದೆ. ಅವನು ಏನೂ ಅನ್ನಲಿಲ್ಲ. ಅವನ ಅವ್ವ ಚಹಾ ತಂದಿಟ್ಟು ಅಂದರು: 'ಬರ್ದಿದ್ದು ಚೊಲೋ ಐತಿ ತಮ್ಮಾ. ಆದ್ರೆ ಆ ಗಾಡೀಲಿ ನಾ ಎಲ್ಲಿ ಕೂತ್ಕಬೇಕು ಅಂತ ಒಂದ್ಮಾತು ಕೇಳಿದ್ಯಾ?'

ಕೇಳಿರಲಿಲ್ಲ. ಹಾಗಾಗಿ ಈ ವಾರದ ಕಾಲಂ ಅದಕ್ಕೇ ಮೀಸಲು.

ಮೊದಲು ಕೆಫೆ ರೇಸರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇದು ಇಂಗ್ಲೆಂಡಿನ ಹುಡುಗರ ಹುಚ್ಚು, 1950-60ರ ಕಾಲದ್ದು. ಲಂಡನ್ನಿನ ಹೊರವಲಯದ ಹೆದ್ದಾರಿಯಲ್ಲಿ ಏಸ್ ಕೆಫೆ ಅಂತ ಒಂದು ಹೋಟೆಲು. 1938ರಲ್ಲಿ ಶುರುವಾದದ್ದು, ಲಾರಿ ಡ್ರೈವರುಗಳು ಚಹಾ ಕುಡಿಯುವ ಜಾಗ. ಗಂಟೆಗೆ ನೂರು ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 160 ಕಿಲೋಮೀಟರು ಮುಟ್ಟಬೇಕು ಅನ್ನೋದು ಅಲ್ಲಿ ಸೇರುತ್ತಿದ್ದ ಹುಡುಗರ ಹಟ. ಹೋಟೆಲಿನ ಪೆಟ್ಟಿಗೆಯಲ್ಲಿ ಕಾಸು ಹಾಕಿ ಹಾಡು ಹಚ್ಚಿ, ಹಾಡು ಮುಗಿಯೋದರೊಳಗೆ ಒಂದು ಸುತ್ತು ಹೊಡೆದು ಬರುತ್ತಿದ್ದರು ಅಂತಲೂ ಕತೆ ಇದೆ. ರೇಸಿನ ಗಾಡಿ ಕೊಳ್ಳಲು ದುಡ್ಡಿಲ್ಲ, ಆದ್ದರಿಂದ ಇದ್ದ ಗಾಡಿಯನ್ನೇ ಹಗುರ ಮಾಡಿದರು. ಹ್ಯಾಂಡಲ್ ತಗ್ಗಿಸಿದರು, ಫುಟ್‌ರೆಸ್ಟ್ ಹಿಂದಕ್ಕೆ ಒಯ್ದರು, ಬೇಡದ ತಗಡೆಲ್ಲ ಕಿತ್ತರು. ನಾರ್ಟನ್ ಚಾಸಿಗೆ ಟ್ರಯಂಫ್ ಇಂಜಿನ್ ಕೂರಿಸಿ ಅದಕ್ಕೆ 'ಟ್ರೈಟನ್' ಅಂತ ಹೆಸರಿಟ್ಟರು. ಇದೆಲ್ಲ ಬಡ ಕೈಗಳ ಜಾಣತನ. ಏಸ್ ಕೆಫೆ 1969ರಲ್ಲಿ ಮುಚ್ಚಿತು, 2001ರಲ್ಲಿ ಮತ್ತೆ ತೆರೆಯಿತು.

ಅಲ್ಲಿಗೂ ನಮ್ಮ ಸೊರಬಕ್ಕೂ ಏನು ಸಂಬಂಧ? ನಡುವೆ ಮೈಸೂರು ಬರುತ್ತದೆ. ಜಾವಾ ಅನ್ನೋದು ಚೆಕ್ ದೇಶದ ಗಾಡಿ, 1929ರಲ್ಲಿ ಹುಟ್ಟಿದ್ದು. ಪಾರ್ಸಿ ಇರಾನಿ ಕುಟುಂಬದವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಅಂತ ಹೆಸರಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದಿವೆ, ಇಲ್ಲ ಅನ್ನೋಲ್ಲ. ಆದರೆ ಆ ಎರಡು ಸೈಲೆನ್ಸರಿನ ಟು ಸ್ಟ್ರೋಕು, ಕಿಕ್ಕರ್ರೇ ಗೇರೂ ಆಗುವ ಆ ಒಂದೇ ಕಡ್ಡಿ, ಅದು ಮತ್ತೆ ತಯಾರಾಗುವುದಿಲ್ಲ. ಇರುವಷ್ಟೇ ಇರೋದು. ಒಂದನ್ನು ಕತ್ತರಿಸಿದರೆ ಒಂದು ಕಮ್ಮಿ.

ಈ ಕತ್ತರಿಸುವ ವಿಚಾರ ಕೇಳೋಣ ಅಂತ ಶಿಕಾರಿಪುರದಲ್ಲಿ ನಲವತ್ತು ವರ್ಷದಿಂದ ಯೆಜ್ಡಿ ರಿಪೇರಿ ಮಾಡುತ್ತಿರುವ ಒಬ್ಬ ಉಸ್ತಾದರ ಹತ್ತಿರ ಹೋದೆ. ಹೆಸರು ಬೇಡ ಅಂದರು, ಬಿಟ್ಟಿದ್ದೇನೆ. ಪಿಯುಸಿಯಲ್ಲಿ ಫಿಸಿಕ್ಸಿಗೆ ಹೆದರಿ ಕಾಲೇಜು ಬಿಟ್ಟವನು ನಾನು. ಲೆಕ್ಚರರು ಒಂದು ವರ್ಷದಲ್ಲಿ ತಲೆಗೆ ಹತ್ತಿಸಲಾಗದ್ದನ್ನು ಉಸ್ತಾದರು ಐದು ನಿಮಿಷದಲ್ಲಿ ಹತ್ತಿಸಿದರು.

'ಟು ಸ್ಟ್ರೋಕ್ ಇಂಜಿನ್ನಿಗೆ ವಾಲ್ವಿಲ್ಲ ಸಾರ್. ಸುಟ್ಟ ಹೊಗೆ ಹೊರಗೆ ಹೋಗೋವಾಗ ಹೊಸ ಪೆಟ್ರೋಲೂ ಅದರ ಬೆನ್ನಿಗೇ ಹೊರಟುಬಿಡ್ತದೆ. ಸೈಲೆನ್ಸರ್ ಒಳಗೆ ಬಡಿದು ವಾಪಸ್ ಬರೋ ಒತ್ತಡ ಐತಲ್ಲ, ಅದು ಆ ಪೆಟ್ರೋಲನ್ನ ಮತ್ತೆ ಒಳಕ್ಕೆ ನೂಕ್ತದೆ. ಈ ಹುಡುಗ್ರು ಒಳಗಿನ ಜಾಳಿಗೆ ಕಿತ್ತು ಖಾಲಿ ಕೊಳವೆ ಹಾಕ್ತಾರೆ. ಸದ್ದು ಹೆಚ್ಚಾಗ್ತದೆ, ಪಿಕಪ್ಪು ಸಾಯ್ತದೆ. ಆದ್ರೆ ಕಿವಿಗೆ ಮಾತ್ರ ಗಾಡಿ ಓಡಿದಂಗೆ ಅನ್ನಿಸ್ತದೆ!'

ಏರ್ ಫಿಲ್ಟರ್ ಡಬ್ಬಿ ಕಿತ್ತೊಗೆಯೋದು ಇನ್ನೊಂದು ಚಾಳಿ. ಗಾಳಿ ಜಾಸ್ತಿ ನುಗ್ಗಿದರೆ ಕಾರ್ಬೊರೇಟರಿನ ಜೆಟ್ಟನ್ನೂ ದೊಡ್ಡದು ಮಾಡಬೇಕು. ಮಾಡದಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫುಟ್‌ರೆಸ್ಟ್ ಹಿಂದಕ್ಕೆ ಒಯ್ದರೆ ಗೇರಿನ ಕಡ್ಡಿ ಮುಂದೆಯೇ ಉಳಿಯುತ್ತದೆ, ಕಾಲಿಗೆ ಸಿಗುವುದಿಲ್ಲ. ಬೇರೆ ಗಾಡಿಗಾದರೆ ಒಂದು ಲಿಂಕ್ ರಾಡು ಹಾಕಿದರೆ ಮುಗಿಯಿತು. ಯೆಜ್ಡಿಯಲ್ಲಿ ಅದೇ ಕಡ್ಡಿ ಕಿಕ್ಕರ್ರೂ ಆಗಿರೋದರಿಂದ ಕಷ್ಟ ಎರಡರಷ್ಟು. ನಮ್ಮ ಹುಡುಗ ಅದನ್ನು ಲೇತಿನಲ್ಲಿ ತಾನೇ ಮಾಡಿಕೊಂಡಿದ್ದಾನೆ. ಉಸ್ತಾದರು ನನ್ನ ಮೊಬೈಲಿನ ಫೋಟೋ ನೋಡಿ, 'ಈ ಕೈ ಒಳ್ಳೇ ಕೈ. ಗುರು ಮಾತ್ರ ಯೂಟ್ಯೂಬು' ಅಂದರು.

ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವುದನ್ನು ನೀವೂ ನೋಡಿರಬಹುದು. ಅವರದ್ದೂ ತೆಗೆಯುವ ಕೆಲಸವೇ. ಬೇಡದ್ದನ್ನು ತೆಗೆದರೆ ಬೇಕಾದ್ದು ಉಳಿಯುತ್ತದೆ. ಆದರೆ ಉಳಿ ತಾಗಿಸುವ ಮೊದಲು ಕೊರಡಿನ ಮೇಲೆ ಗೀಟು ಹಾಕಿ, ಯಾವುದು ಬೇಡದ್ದು ಅಂತ ತೀರ್ಮಾನ ಮಾಡಿರುತ್ತಾರೆ. ನಮ್ಮ ಹುಡುಗ ಬೇಡದ್ದು ಅಂತ ಕಿತ್ತದ್ದು ಅವ್ವನ ಸೀಟು.

ಆ ಸೀಟಿನ ಮೇಲೆ ಕೂತೇ ಆಕೆ ಮೂವತ್ತು ವರ್ಷ ಸಂತೆಗೆ ಹೋಗಿದ್ದಾರೆ, ಚಂದ್ರಗುತ್ತಿ ಜಾತ್ರೆಗೆ ಹೋಗಿದ್ದಾರೆ, ಹೆರಿಗೆಗೂ ಅದರ ಮೇಲೆ ಕೂತೇ ಹೋಗಿದ್ದಾರೆ. ಈಗ ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆ ತೋರಿಸಲು ಶಿಕಾರಿಪುರಕ್ಕೆ ಹೋಗಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ. ಆದರೆ ಅವರ ಹಳ್ಳಿಗೆ ಸರ್ಕಾರಿ ಬಸ್ಸು ಬಂದರೆ ತಾನೆ? ಬರೋದು ಖಾಸಗಿ ಬಸ್ಸು, ಅದೂ ಬೆಳಿಗ್ಗೆ ಒಂದು, ಸಂಜೆ ಒಂದು. ಮಗನ ಗಾಡಿ ಅಂಗಳದಲ್ಲಿ ಫಳಫಳ ಹೊಳೆಯುತ್ತಿರುತ್ತದೆ, ತಾಯಿ ಎರಡು ಮೈಲಿ ನಡೆದು ಬಸ್ಸು ಹಿಡಿಯುತ್ತಾರೆ.

ಈಗ ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳೋದಿಷ್ಟು: ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆರ್‌ಸಿಯಲ್ಲಿ ಸೀಟು ಎರಡು ಅಂತ ಇದೆ, ಗಾಡಿಯಲ್ಲಿ ಒಂದೇ ಇದೆ. ಅಲ್ಲಿಗೆ ತಪ್ಪು ಸಾಬೀತು.

ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ನಿಯಮಾವಳಿಯ 123ನೇ ನಿಯಮ. ಹಿಂದೆ ಕೂರುವವರಿಗೆ ಹಿಡಿ ಇರಬೇಕು, ಫುಟ್‌ರೆಸ್ಟ್ ಇರಬೇಕು, ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕು. ನಾವು ಸೀರೆ ಗಾರ್ಡು ಅನ್ನುತ್ತೇವಲ್ಲ, ಅದೇ. ಕೆಫೆ ರೇಸರ್ ಮಾಡುವವರು ಮೊದಲು ಕಿತ್ತೆಸೆಯೋದು ಇದನ್ನೇ, ಚಂದ ಕಾಣೋದಿಲ್ಲ ಅಂತ! ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದ ಹೆಂಗಸರನ್ನು ವರದಿಗಾರನಾಗಿ ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಹಾಗಾದರೆ ಕಾನೂನು ಪೂರ್ತಿ ಸರಿಯಾ? ಅಲ್ಲಿಯೂ ನನ್ನ ತಕರಾರಿದೆ. ದೊಡ್ಡ ಕಂಪನಿ ಇದೇ ಕೆಫೆ ರೇಸರನ್ನು ಶೋರೂಮಿನಲ್ಲಿಟ್ಟು ಮಾರುತ್ತದೆ. ರಾಯಲ್ ಎನ್‌ಫೀಲ್ಡ್‌ನ ಕಾಂಟಿನೆಂಟಲ್ ಜಿಟಿ 2013ರಲ್ಲಿ 535 ಸಿಸಿಯಲ್ಲಿ ಬಂತು, 2018ರಲ್ಲಿ 650 ಆಯಿತು. ಬೆಲೆ ಮೂರು ಲಕ್ಷಕ್ಕೂ ಮೇಲೆ. ಅದು ಪರೀಕ್ಷೆ ಪಾಸಾಗಿ ಬಂದ ಗಾಡಿ, ಒಪ್ಪಿದೆ. ನನ್ನ ಪ್ರಶ್ನೆ ಇಷ್ಟೇ: ಲೇತ್ ಶಾಪಿನ ಹುಡುಗ 'ನನ್ನ ಗಾಡಿಯನ್ನೂ ಪರೀಕ್ಷೆ ಮಾಡಿ ಸಾರ್' ಅಂತ ಎಲ್ಲಿಗೆ ಹೋಗಬೇಕು? ಅಂಥ ಬಾಗಿಲೇ ಇಲ್ಲ. ಸಾವಿರಗಟ್ಟಲೆ ಗಾಡಿ ಮಾಡುವವನಿಗೆ ಪರೀಕ್ಷೆ ಉಂಟು, ಒಂದೇ ಒಂದು ಮಾಡುವವನಿಗೆ ದಂಡ ಮಾತ್ರ ಉಂಟು.

ಜರ್ಮನಿಯಲ್ಲಿ ಗಾಡಿ ಬದಲಿಸಿದವನು ಟ್ಯೂಫ್‌ನಂಥ ಪರೀಕ್ಷಾ ಸಂಸ್ಥೆಯ ಹತ್ತಿರ ಹೋಗುತ್ತಾನೆ. ಬ್ರೇಕು, ದೀಪ, ಸದ್ದು, ಬೆಸುಗೆ ಎಲ್ಲ ನೋಡಿ, ಸರಿಯಿದ್ದರೆ ಗಾಡಿಯ ದಾಖಲೆಯಲ್ಲಿ ಬರೆದುಕೊಡುತ್ತಾರೆ. ನಮ್ಮಲ್ಲೂ ಅಂಗವಿಕಲರಿಗಾಗಿ ಗಾಡಿ ಮಾರ್ಪಡಿಸಲು ಕಾಯ್ದೆಯಲ್ಲೇ ದಾರಿ ಇಟ್ಟಿದ್ದಾರೆ. ಮನಸ್ಸು ಮಾಡಿದರೆ ಇಂಥ ಇನ್ನೊಂದು ದಾರಿ ಕಷ್ಟವಲ್ಲ. ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟಿನಿಂದ 2,000 ರೂಪಾಯಿ ಶುಲ್ಕ ಮಾಡಿದ್ದಾರೆ. ತೆಗೆದುಕೊಳ್ಳಲಿ. ಆ ದುಡ್ಡಿಗೆ ತಾಲ್ಲೂಕಿನಲ್ಲಿ ವರ್ಷಕ್ಕೆರಡು ದಿನ ಕ್ಯಾಂಪು ಹಾಕಿ, ಇನ್‌ಸ್ಪೆಕ್ಟರರ ಜೊತೆ ಐಟಿಐ ಮೇಷ್ಟ್ರನ್ನೂ ಕೂರಿಸಿ, ಇದು ಸರಿ ಇದು ತಪ್ಪು ಅಂತ ಹೇಳಿದರೆ ಹುಡುಗರು ಕೇಳುತ್ತಾರೆ. ಯಾರೂ ಹೇಳದೇ ಇದ್ದರೆ ಯೂಟ್ಯೂಬ್ ಹೇಳುತ್ತದೆ.

ಹುಡುಗರಿಗೂ ನಾಲ್ಕು ಮಾತು. ಒಂದು, ಚಾಸಿಗೆ ಗರಗಸ ಹಚ್ಚಬೇಡಿ. ಬೋಲ್ಟಿನಲ್ಲಿ ಆಗುವುದನ್ನು ಬೋಲ್ಟಿನಲ್ಲೇ ಮಾಡಿ, ಕಿತ್ತ ಸಾಮಾನೆಲ್ಲ ಗೋಣಿಚೀಲದಲ್ಲಿ ಕಟ್ಟಿಡಿ. ಎರಡು, ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ದಿನಬಳಕೆಗೆ ಆಗದು, ಆದರೆ ಬೆಲೆ ಬರುತ್ತದೆ. ಹಳೇ ಜಾವಾಗಳೂ ಮೊದಮೊದಲ ಯೆಜ್ಡಿಗಳೂ ಆ ವಯಸ್ಸು ಮುಟ್ಟಿವೆ. ಕತ್ತರಿಸಿದವನಿಗೆ ಆ ಬಾಗಿಲು ಮುಚ್ಚಿತು. ಮೂರು, ಸೈಲೆನ್ಸರ್ ಮುಟ್ಟಬೇಡಿ. ರಾತ್ರಿ ಹನ್ನೊಂದಕ್ಕೆ ನಿಮ್ಮ ಗಾಡಿ ಬೀದಿಯಲ್ಲಿ ಹೋದರೆ ತೊಟ್ಟಿಲ ಕೂಸು ಏಳುತ್ತದೆ, ಅದರ ತಾಯಿ ನಿಮ್ಮನ್ನು ಹರಸುವುದಿಲ್ಲ. ನಾಲ್ಕು, ನಮ್ಮ ರಸ್ತೆ ಲಂಡನ್ನಿನದಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಜೋಳ ಒಣಗಲು ಹಾಕಿರುತ್ತಾರೆ, ಉಳಿದರ್ಧದಲ್ಲಿ ಹಂಪು, ಎಮ್ಮೆ. ಬಗ್ಗಿ ಕೂತವನಿಗೆ ಇದ್ಯಾವುದೂ ಬೇಗ ಕಾಣದು.

ಮೊನ್ನೆ ಭಾನುವಾರ ಮತ್ತೆ ಅವನ ಮನೆಗೆ ಹೋಗಿದ್ದೆ. ಹುಡುಗ ದಂಡ ಕಟ್ಟಿ ಬಂದಿದ್ದ. ನನ್ನ ಪಾಲು ಅಂತ ಅರ್ಧ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಗಾಡಿಗೆ ಹಳೇ ಸೈಲೆನ್ಸರುಗಳು ವಾಪಸ್ ಬಂದಿವೆ. ಗೂನು ಸೀಟಿನ ಜಾಗದಲ್ಲಿ ಇಬ್ಬರು ಕೂರುವ ಸೀಟು ಬಂದಿದೆ, ಸೀರೆ ಗಾರ್ಡನ್ನು ತಾನೇ ಸರಳು ಬಗ್ಗಿಸಿ ಹೊಸದಾಗಿ ಮಾಡಿದ್ದಾನೆ. ನೋಡಿದರೆ ಕಂಪನಿಯದಕ್ಕಿಂತ ಗಟ್ಟಿಯಾಗಿದೆ. ಹ್ಯಾಂಡಲ್ಲು ಮಾತ್ರ ಇನ್ನೂ ತಗ್ಗಿನಲ್ಲೇ ಇದೆ. 'ಅದೊಂದು ಇರಲಿ ಬಿಡಣ್ಣಾ' ಅಂದ. ಅದೂ ತಪ್ಪೋ ಅಲ್ಲವೋ ಅಂತ ನೋಡಿ ಹೇಳುವ ಕ್ಯಾಂಪು ಇದ್ದಿದ್ದರೆ ಅವನನ್ನು ಅಲ್ಲಿಗೇ ಕಳಿಸುತ್ತಿದ್ದೆ.

ಅವ್ವ ಔಷಧಿ ಚೀಟಿ ಹಿಡಿದು ಅಂಗಳಕ್ಕೆ ಬಂದರು. ಹತ್ತಿ ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು. 'ನಿಧಾನ ಹೋಗು' ಅಂದರು. ಹೋದ.